ಪಂಚಮಿಗೆ ಕೇಳಿದ ಔಷಧ

ಇದು ಶುರುವಾದದ್ದು ೧೯೭೧ರ ನಾಗರ ಪಂಚಮಿಯಲ್ಲಿ, ಸಿಂದಗಿಯ ನಮ್ಮ ಮನೆಯಲ್ಲಿ. ನಾನು ಓದಿದ್ದು ನಾಲ್ಕನೇ ಇಯತ್ತೆ. "ನೀ ಹೇಳತಾ ಹೋಗ ಅತ್ತಿ, ನಾ ಚಂದ ಮಾಡಿ ಬರೀತೇನಿ" ಎಂದು ಅಣ್ಣನ ಮಗಳು ಶಾರಿ ಅಂದಳು. ಬೇಡ ಎಂದೆ. ಅವಳು ಬರೆದರೆ ನನ್ನ ತಪ್ಪನ್ನು ಸಣ್ಣದು ಮಾಡಿಬಿಡುತ್ತಾಳೆ. ಅದಕ್ಕೇ ನಾನೇ ಬರೆದಿದ್ದೇನೆ. ಹೆಸರುಗಳನ್ನಷ್ಟೇ ಬದಲಿಸಿದ್ದೇನೆ.

ನನ್ನ ಹೆಸರು ಕಾಶವ್ವ ಎಂದುಕೊಳ್ಳಿ. ಇಂಡಿಗೆ ಮದುವೆಯಾಗಿ ಹೋಗಿದ್ದೆ. ಗಂಡ ಬೇಗ ತೀರಿಕೊಂಡರು. ಅತ್ತೆಯ ಮನೆಯವರು ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಅಣ್ಣನೇ ಬಂದು ಕರೆದುಕೊಂಡು ಬಂದ. ಅಣ್ಣ ಸಿಂದಗಿಯಲ್ಲಿ ಡಾಕ್ಟರ. ಮನೆಯ ಮುಂದಿನ ಪಡಸಾಲೆಯಲ್ಲಿ ದವಾಖಾನೆ, ಹಿಂದೆ ಸಂಸಾರ. ಅಣ್ಣ, ಅವನ ಹೆಂಡತಿ ವೈನಿ, ಆಗ ಎರಡು ವರ್ಷದವಳಾಗಿದ್ದ ಶಾರಿ, ಮತ್ತು ನಾನು. ವೈನಿಯ ತವರು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿ.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು, ಜೋಕಾಲಿ ಕಟ್ಟಬೇಕು. ನಾಗಪ್ಪನಿಗೆ ಹಾಲೆರೆಯುವಾಗ "ಅಪ್ಪನ ಪಾಲ, ಅವ್ವನ ಪಾಲ, ಅಣ್ಣನ ಪಾಲ" ಎಂದು ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತೇವೆ. ಅಂದು ಹೆಣ್ಣುಮಗಳು ಬಾಯಿಬಿಟ್ಟು ಏನಾದರೂ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ನಾನು ವರ್ಷವಿಡೀ ತವರಲ್ಲೇ ಇದ್ದವಳು, ನನ್ನನ್ನು ಎಲ್ಲಿಂದ ಕರೆತರುವುದು? ಆದರೂ ಅಣ್ಣ ಹಾಲೆರೆದ ಮೇಲೆ ಎಲ್ಲರ ಮುಂದೆ ಕೇಳುತ್ತಿದ್ದ: "ಏನ ಬೇಕವ್ವ ತಂಗಿ? ಕೇಳು." ನಾನು ಪ್ರತಿ ವರ್ಷ, "ಏನೂ ಬ್ಯಾಡಣ್ಣ, ನೀ ಚಂದಂಗ ಇರು" ಅನ್ನುತ್ತಿದ್ದೆ. ಅನ್ನದ ಋಣದಲ್ಲಿ ಇರುವವಳಿಗೆ ಬೇರೆ ಏನು ಕೇಳಲು ಬಾಯಿ ಬರುತ್ತದೆ?

ಆ ಕಾಲದಲ್ಲಿ ಅಣ್ಣ ಔಷಧವನ್ನು ತಾನೇ ಕಲಸಿ ಕೊಡುತ್ತಿದ್ದ. ರೋಗಿಗಳು ಮನೆಯಿಂದ ಬಾಟಲಿ ತೊಳೆದು ತರುತ್ತಿದ್ದರು. ಜ್ವರಕ್ಕೆ ಒಂದು ಮಿಕ್ಸ್ಚರು, ಕೆಮ್ಮಿಗೆ ಒಂದು, ಹೊಟ್ಟೆನೋವಿಗೆ ಒಂದು. ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸುವುದು ನನ್ನ ಕೆಲಸ. ಒಂದು ಹಲ್ಲು ಎಂದರೆ ಒಂದು ಹೊತ್ತಿನ ಔಷಧ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ಪೇಟೆಯ ಔಷಧವನ್ನು ಅಣ್ಣ ಬಹಳ ಅಗತ್ಯವಿದ್ದರೆ ಮಾತ್ರ ಬರೆಯುತ್ತಿದ್ದ.

ಹೀಗಾಗಿ ಔಷಧ ಮಾರಲು ಬರುವ ಕಂಪನಿಯ ಮಂದಿಗೆ ಅಣ್ಣನ ಕಡೆ ಬರುವುದೆಂದರೆ ಬಂಡೆಗೆ ಹಣೆ ಬಡಿದಂತೆ. ಕೊನೆಯ ರೋಗಿ ಹೋಗುವವರೆಗೆ ಹೊರಗೆ ಕೂರಿಸುತ್ತಿದ್ದ. ಬಹಳ ಜನ ಎರಡು ಸಲ ಬಂದು ಮೂರನೇ ಸಲ ಬರುತ್ತಿರಲಿಲ್ಲ. ಬಿಡದೆ ಬಂದವನು ಪ್ರಭಾಕರ ಒಬ್ಬನೇ. ಸೊಲ್ಲಾಪುರದ ಹುಡುಗ, ನನಗಿಂತ ಚಿಕ್ಕವನು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಅವನ ಸುತ್ತು. ತಿಂಗಳಿಗೊಮ್ಮೆ ಧೂಳಿನ ಬಸ್ಸಿನಿಂದ ಇಳಿಯುತ್ತಿದ್ದ. ಕೈಯಲ್ಲಿ ಚರ್ಮದ ಬ್ಯಾಗು, ಕೊರಳಲ್ಲಿ ಟಾಯಿ.

ವೈನಿ ಮೊದಲ ದಿನವೇ ಅವನಿಗೆ ಕೇಳಿಸುವ ಹಾಗೆ ಅಂದಳು, "ಇಂಥಾ ಬಿಸಲಾಗ ಎತ್ತಿನಂಗ ಕೊಳ್ಳಿಗೆ ದಾವಣಿ ಕಟಗೊಂಡ ಯಾಕ ಅಡ್ಡಾಡತಾನವ್ವ ಇಂವ? ಯಾರರೆ ಹಿಡಕೊಂಡ ಹೋಗ್ಲೆಂತ?"

ಅವನು ನಗುತ್ತಲೇ ಹೇಳಿದ, "ಹಿಡಕೊಂಡ ಹೋಗವ್ರು ಮುಂಬೈದಾಗ ಕೂತಾರ್ರಿ ವೈನಿಯವ್ರ. ಹಗ್ಗದ ತುದಿ ಅವ್ರ ಕೈಯಾಗ ಅದ."

ನಾವಿಬ್ಬರೂ ನಕ್ಕೆವು. ನಕ್ಕ ಮೇಲೆ ಮಜ್ಜಿಗೆ ಕೊಡದೆ ಇರಲು ಆಗುತ್ತದೆಯೇ? ಮುಂದಿನ ಸಲ ಮಜ್ಜಿಗೆಯ ಜೊತೆ ರೊಟ್ಟಿ, ಪುಂಡಿಪಲ್ಯೆ. ಅದರ ಮುಂದಿನ ಸಲ ಅವನು ನೇರ ಹಿತ್ತಲಿಗೆ ಬಂದು, "ಅಕ್ಕಾರ, ಹಸಿವಿ ಆಗೇದ್ರಿ" ಎಂದು ಕೂಗಿದ.

ಉಣ್ಣುತ್ತಾ ಸುಮ್ಮನೆ ಮಾತು ತೆಗೆಯುತ್ತಿದ್ದ. "ಡಾಕ್ಟರ್ ಸಾಹೇಬ್ರ ಮುಖ ಇವತ್ತ ಹೆಂಗದರಿ? ಅವ್ರಿಗೆ ಯಾವ ಮಾತ ಸೇರ್ತದ? ಊರಾಗ ಯಾರ ಮ್ಯಾಲೆ ಸಿಟ್ಟದ?" ನಾನು ಹೇಳಿಬಿಡುತ್ತಿದ್ದೆ. ಅಣ್ಣನಿಗೆ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಗಿನ ದಿನಗಳ ಮಾತೆಂದರೆ ಪ್ರಾಣ. ಅವಸರ ಮಾಡಿದರೆ ಆಗುವುದಿಲ್ಲ. ಇಂಡಿಯ ಡಾಕ್ಟರು ತನಗಿಂತ ಮುಂದೆ ಹೋದಾರೆಂಬ ಒಂದು ಸಣ್ಣ ಹುಳ ತಲೆಯಲ್ಲಿದೆ. ಮುಂದಿನ ತಿಂಗಳು ಪ್ರಭಾಕರ ಒಳಗೆ ಹೋಗಿ ಔಷಧದ ಸುದ್ದಿಯನ್ನೇ ಎತ್ತದೆ ಹುಬ್ಬಳ್ಳಿಯ ಬಗ್ಗೆ ಕೇಳಿದ. ಅಣ್ಣ ಅವನನ್ನು ಬಹಳ ಹೊತ್ತು ಕೂರಿಸಿಕೊಂಡ. ಹೊರಗೆ ಬಂದು ಅವನು ನನಗೆ ಕಣ್ಣಲ್ಲೇ ಕೈಮುಗಿದ. ನನ್ನ ಮಾತಿಗೂ ಒಂದು ಬೆಲೆ ಇದೆ ಎಂದು ನನಗೆ ಮೊದಲ ಸಲ ಅನ್ನಿಸಿತು. ಅಣ್ಣನ ಮನಸ್ಸಿನ ಬೀಗದ ಕೈಯನ್ನು ಪರರಿಗೆ ಕೊಟ್ಟೆ ಎಂದು ಅನ್ನಿಸಲಿಲ್ಲ.

ಅವನ ಕಂಪನಿ ಆಗ ಒಂದು ಔಷಧವನ್ನು ಜೋರಿನಿಂದ ಮಾರುತ್ತಿತ್ತು. ದೊಡ್ಡವರಿಗೆ ಕ್ಯಾಪ್ಸೂಲು, ಮಕ್ಕಳಿಗೆ ಕಿತ್ತಳೆ ಬಣ್ಣದ ಸಿಹಿ ಸಿರಪ್ಪು. ಜ್ವರ, ಕೆಮ್ಮು, ಕಿವಿ ಸೋರುವುದು, ಎಲ್ಲಕ್ಕೂ ಅದೇ. ಅಣ್ಣ ಮಾತ್ರ ಬರೆಯಲೊಲ್ಲ.

ಆ ವರ್ಷ ಪಂಚಮಿಯ ಹಿಂದಿನ ದಿನ ಪ್ರಭಾಕರ ಬಂದ. ಬ್ಯಾಗಿನಿಂದ ಗುಳೇದಗುಡ್ಡದ ಒಂದು ಕುಬಸದ ಖಣ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟ. "ನನಗ ಒಡಹುಟ್ಟಿದ ಅಕ್ಕ ತಂಗಿ ಯಾರೂ ಇಲ್ರಿ. ಈ ಮನಿ ರೊಟ್ಟಿ ತಿಂದೇನಿ. ತಮ್ಮ ಕೊಟ್ಟಾನಂತ ತಿಳೀರಿ."

ಗಂಡ ಹೋದ ಮೇಲೆ ಮನೆಯವರ ಹೊರತು ಒಬ್ಬರೂ ನನಗೆ ಖಣ ಕೊಟ್ಟಿರಲಿಲ್ಲ. ಯಾರ ಮನೆಗೆ ಹೋದರೂ ವೈನಿಗೆ ಉಡಿ ತುಂಬುತ್ತಿದ್ದರು, ನನಗೆ ನೀರು ಕೊಟ್ಟು ಕಳಿಸುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಆಗ ಅವನು ಮೆಲ್ಲಗೆ ಹೇಳಿದ, "ಇಂಡಿ ಡಾಕ್ಟರು ಬರಿಲಿಕತ್ತಾರ. ಬಾಗೇವಾಡಿಯವ್ರು ಬರಿಲಿಕತ್ತಾರ. ಮುದ್ದೇಬಿಹಾಳದಾಗಂತೂ ಕೇಳಬ್ಯಾಡ್ರಿ. ಸಿಂದಗಿ ಒಂದ ಉಳದದ. ಇಲ್ಲಿ ಓಡಲಿಲ್ಲಾಂದ್ರ ನನ್ನ ನೌಕರಿ ಉಳಿಯೂದಿಲ್ಲ ಅಕ್ಕಾರ. ಸಾಹೇಬ್ರು ನಿಮ್ಮ ಮಾತ ಒಂದ ತಗದಹಾಕೂದಿಲ್ಲ."

ಮರುದಿನ ಹಾಲೆರೆದಾದ ಮೇಲೆ ಅಣ್ಣ ಎಂದಿನಂತೆ ಕೇಳಿದ, "ಏನ ಬೇಕವ್ವ ತಂಗಿ?"

ನಾನು ಹೇಳಿದೆ, "ಆ ಪ್ರಭಾಕರನ ಔಷಧ ಬರಿಯಣ್ಣ."

ಅಣ್ಣ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ವೈನಿ ಉಂಡಿ ಕಟ್ಟುತ್ತಿದ್ದ ಕೈ ನಿಲ್ಲಿಸಿ, "ಎಲ್ಲಾರು ಸೀರಿ ಕೇಳತಾರ, ಈಕಿ ಗುಳಿಗಿ ಕೇಳತಾಳಲ್ಲ!" ಅಂದಳು. ಅಣ್ಣ ನಾಗಪ್ಪನ ಮುಂದಿನ ಹಾಲಿನ ಗಿಂಡಿ ಎತ್ತಿ ಬದಿಗಿಟ್ಟ. ಆಮೇಲೆ ಹೇಳಿದ, "ಇಷ್ಟ ವರ್ಷದಾಗ ಒಮ್ಮಿನೂ ಏನೂ ಕೇಳಿಲ್ಲ ನೀ. ಹೆಂಗ ಇಲ್ಲ ಅನ್ಲಿ? ಆತು, ದೊಡ್ಡವರಿಗೆ ಬರೀತೇನಿ. ಸಣ್ಣ ಕೂಸುಗಳಿಗೆ ಮಾತ್ರ ನಾ ಬರಿಯಾಂವಲ್ಲ. ಅದನ್ನ ಕೇಳಬ್ಯಾಡ."

ಈ ಮಾತನ್ನು ಅಣ್ಣ ಸ್ಪಷ್ಟವಾಗಿ ಹೇಳಿದ. ನಾನು ಸ್ಪಷ್ಟವಾಗಿ ಕೇಳಿದೆ. ಅದಕ್ಕೇ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಇವತ್ತಿಗೂ ಬಾಯಿ ಬರುವುದಿಲ್ಲ.

ಪ್ರಭಾಕರನಿಗೆ ಹೇಳಿದಾಗ ಅವನು ಕುಣಿದ. ಮಕ್ಕಳ ಮಾತಿಗೆ ಕೈ ಬೀಸಿ, "ಸಾಹೇಬ್ರು ಹಳೇ ಪುಸ್ತಕ ಓದ್ಯಾರ್ರಿ. ದೊಡ್ಡ ದೊಡ್ಡ ಊರಾಗ ಎಲ್ಲಾ ಕೂಸುಗಳಿಗೆ ಕೊಡ್ತಾರ" ಎಂದು ಸಿರಪ್ಪಿನ ಕೆಲವು ಸಣ್ಣ ಬಾಟಲಿ ನನ್ನ ಕೈಗಿಟ್ಟ. "ಇವು ಸ್ಯಾಂಪಲ್. ಮನಿ ಹುಡುಗರಿಗಿರಲಿ." ಅವನ್ನು ನಾನು ಅಡುಗೆಮನೆಯ ಜಂತಿಯ ಕೆಳಗಿನ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟೆ. ಮುಂದೆ ಬಂದಾಗಲೆಲ್ಲ ಅವನು ಕೊಡುತ್ತಲೇ ಹೋದ.

ಆ ಚಳಿಗಾಲದಲ್ಲಿ ವೈನಿಗೆ ಗಂಡುಮಗು ಹುಟ್ಟಿತು. ಶಾರಿ ಪೂರ್ತಿ ನನ್ನ ಮಡಿಲಿಗೆ ಬಂದಳು. ಅವಳಿಗೆ ಮೇಲಿಂದ ಮೇಲೆ ಕೆಮ್ಮು, ಜ್ವರ. ಅಣ್ಣ ತನ್ನ ಮಿಕ್ಸ್ಚರನ್ನು ಕಲಸಿ ಕೊಡುವನು, ಅವಳು ಕಹಿ ಎಂದು ನನ್ನ ಸೀರೆಯ ಮೇಲೆ ಉಗುಳುವಳು. ಒಂದು ಸಂಜೆ ಮೈ ಕೆಂಡದ ಹಾಗೆ ಸುಡುತ್ತಿತ್ತು. ಭರಣಿಯ ಹಿಂದಿನ ಬಾಟಲಿ ತೆಗೆದು ಒಂದು ಚಮಚ ಕೊಟ್ಟೆ. ಶಾರಿ ತುಟಿ ಚಪ್ಪರಿಸಿ, "ಇನ್ನಟ ಕೊಡ" ಅಂದಳು. ಮುಂದಿನ ದಿನಗಳಲ್ಲಿ ಮೂರು ಹೊತ್ತು ಕೊಟ್ಟೆ, ಮಿಕ್ಸ್ಚರನ್ನು ಹಿತ್ತಲಿನ ತುಳಸಿಯ ಬುಡಕ್ಕೆ ಸುರಿದೆ.

ಶಾರಿ ಚೇತರಿಸಿಕೊಂಡಳು. ಅಣ್ಣ ವೈನಿಗೆ ಹೆಮ್ಮೆಯಿಂದ, "ನೋಡಿದೇನ? ನನ್ನ ಮಿಕ್ಸ್ಚರ್ ಅಂದ್ರ ಏನಂತ ತಿಳದಿ?" ಅಂದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಡಾಕ್ಟರನಿಗಿಂತ ನಾನೇ ಜಾಣೆ ಎಂಬ ಹಮ್ಮು ನನಗೆ ಆವತ್ತು. ಆಮೇಲೆ ಎರಡು ವರ್ಷ, ಶಾರಿ ಕೆಮ್ಮಿದಾಗಲೆಲ್ಲ ಅದೇ ಮಾಡಿದೆ. ಅವಳು ಅದಕ್ಕೆ "ಅತ್ತಿ ಔಷಧ" ಎಂದು ಹೆಸರಿಟ್ಟಿದ್ದಳು. ಯಾರ ಮುಂದೂ ಹೇಳಬೇಡ ಎಂದು ಕಲಿಸಿದ್ದೆ, ಹೇಳಲಿಲ್ಲ.

ಇತ್ತ ಅಣ್ಣನೂ ಬದಲಾದ. ಮೊದಮೊದಲು ನನ್ನ ಮಾತಿಗೆಂದು ಬರೆದ, ಆಮೇಲೆ ರೂಢಿಯಾಗಿ ಬರೆದ. ಮಿಕ್ಸ್ಚರಿನ ದೊಡ್ಡ ಬಾಟಲಿಗಳ ಮೇಲೆ ಧೂಳು ಕೂತಿತು, ನನ್ನ ಕತ್ತರಿ ಕೆಲಸವೂ ನಿಂತಿತು. ಒಂದು ಮದುವೆಯಲ್ಲಿ ಅಣ್ಣನಿಗೆ ಇಂಡಿಯ ಡಾಕ್ಟರು ಸಿಕ್ಕರಂತೆ. "ಸಿಂದಗ್ಯಾಗ ನೀವು ಬರಿಯಾಕತ್ತೀರಂತ ಹೇಳಿದ್ನಪಾ ಆ ಟಾಯಿ ಹುಡುಗ. ನೀವ ಬರದ ಮ್ಯಾಲೆ ನಾ ಹಿಂದ ಉಳೀಬಾರದಂತ ಸುರು ಮಾಡಿದೆ" ಎಂದರಂತೆ. ಅವರು ಬರೆಯುತ್ತಾರೆಂದು ನಂಬಿ ನಾನು ಕೇಳಿದ್ದೆ, ಅಣ್ಣ ಬರೆಯುತ್ತಾನೆಂದು ನಂಬಿ ಅವರು ಬರೆದಿದ್ದರು. ಅವರ ತಾಯಿಯನ್ನು ಪ್ರಭಾಕರ "ಅವ್ವಾರ" ಅನ್ನುತ್ತಿದ್ದನಂತೆ. ಬಾಗೇವಾಡಿಯ ಡಾಕ್ಟರ ಮನೆಯಲ್ಲೂ ಒಬ್ಬಳು ಅಕ್ಕ ಇದ್ದಳಂತೆ. ಅಣ್ಣ ಮನೆಗೆ ಬಂದು ಇದನ್ನು ನಗೆಯ ಮಾತಾಗಿ ಹೇಳಿದ. ನಾನು ರೊಟ್ಟಿ ಬಡಿಯುತ್ತಿದ್ದೆ. ಮೈಮೇಲೆ ಅದೇ ಖಣದ ಕುಬಸವಿತ್ತು. ಅಷ್ಟರಲ್ಲಿ ಪ್ರಭಾಕರನನ್ನು ಬೇರೆ ಕಡೆಗೆ ವರ್ಗ ಮಾಡಿದ್ದರು.

ಶಾರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದದ್ದು ೧೯೭೬ರಲ್ಲಿ. ಮುಂದಿನ ಹಲ್ಲುಗಳು ಹಳದಿಯಾಗಿ ಹುಟ್ಟಿದವು. ಬರುಬರುತ್ತಾ ಕಂದಾದವು, ನಡುವೆ ಅಡ್ಡಡ್ಡ ಗೆರೆಗಳು. ಇದ್ದಿಲು, ಉಪ್ಪು, ಬೇವಿನಕಡ್ಡಿ, ಏನು ತಿಕ್ಕಿದರೂ ಹೋಗಲಿಲ್ಲ. ಸಾಲಿಯಲ್ಲಿ ಹುಡುಗರು ಅವಳಿಗೆ "ತಂಬಾಕು ಮುದುಕಿ" ಅಂದರು. ಶಾರಿ ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯಲು ಕಲಿತಳು.

ಅಣ್ಣ ಅವಳ ತುಟಿ ಎತ್ತಿ ನೋಡಿ, "ನೀರಿಂದು" ಅಂದ. ನಮ್ಮ ಜಿಲ್ಲೆಯಲ್ಲಿ ಕೆಲವು ಊರಿನ ನೀರು ಹಲ್ಲಿಗೆ ಕಲೆ ಹಿಡಿಸುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ವೈನಿಯ ಊರಲ್ಲಿ ಬರಗಾಲದ ವರ್ಷ ಬೋರಿಂಗ್ ಹಾಕಿದ್ದರು. ವೈನಿ ಮಕ್ಕಳನ್ನು ಕರೆದುಕೊಂಡು ಪಂಚಮಿಗೆ, ಬೇಸಿಗೆಗೆ ಹೋಗಿ ಅಲ್ಲಿ ಇರುತ್ತಿದ್ದಳು. "ಇನ್ನ ಆ ಊರ ನೀರು ನನ್ನ ಮಕ್ಕಳ ಬಾಯಿಗೆ ಬೀಳಬಾರದು" ಎಂದ ಅಣ್ಣ. ಚಿಕ್ಕವನಿಗೆ ಹೊಸ ಹಲ್ಲು ಇನ್ನೂ ಬರುವುದಿತ್ತು.

ವೈನಿ ತಿರುಗಿಬಿದ್ದಳು. "ನಮ್ಮಣ್ಣನ ಹುಡುಗರು ದಿನಾ ಅದ ನೀರ ಕುಡೀತಾವು. ಅವುಗಳ ಹಲ್ಲ ನೋಡ ಬರ್ರಿ, ಜ್ವಾಳದ ಅಳ್ಳ ಇದ್ದಾಂಗ ಅದಾವು!"

"ಒಬ್ಬೊಬ್ಬರಿಗೆ ಹತ್ತತೈತಿ, ಒಬ್ಬೊಬ್ಬರಿಗೆ ಇಲ್ಲ. ನಾ ಡಾಕ್ಟರ ಅದೇನೋ, ನೀ ಅದಿಯೋ?"

ಆ ವರ್ಷ ಪಂಚಮಿಗೆ ವೈನಿಯ ಅಣ್ಣ ಉಂಡಿಯ ಬುಟ್ಟಿ ಹೊತ್ತು ಕರೆಯಲು ಬಂದ. ಮಕ್ಕಳನ್ನು ಬಿಟ್ಟು ವೈನಿ ಹೊರಡುವ ಹಾಗಿರಲಿಲ್ಲ, ಮಕ್ಕಳನ್ನು ಅಣ್ಣ ಕಳಿಸುವ ಹಾಗಿರಲಿಲ್ಲ. ಆತ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಬುಟ್ಟಿ ಇಲ್ಲಿಯೇ ಬಿಟ್ಟು, ಒಬ್ಬನೇ ಬಸ್ಸು ಹತ್ತಿದ. ಹೋಗುವಾಗ, "ಅವ್ವಗ ಏನ ಹೇಳ್ಲಿ?" ಎಂದು ತಂಗಿಯನ್ನು ಕೇಳಿದ. ವೈನಿ ಬಾಗಿಲಲ್ಲಿ ನಿಂತು, "ನಿಮ್ಮ ನೀರ ಹೊಲಸೈತಂತ ಹೇಳು" ಅಂದಳು. ಅದು ಗಂಡನಿಗೆ ಚುಚ್ಚಿದ ಮಾತು.

ಅಲ್ಲಿಯವರೆಗೆ ನಾನೂ ನೀರೇ ಇರಬೇಕು ಎಂದು ನಂಬಿದ್ದೆ. ನಂಬಿದ್ದೆ ಅನ್ನುವುದಕ್ಕಿಂತ, ನಂಬಿದರೆ ಅನುಕೂಲವಿತ್ತು. ಅದೇ ದೀಪಾವಳಿಯ ಹೊತ್ತಿಗೆ ಪ್ರಭಾಕರ ಮತ್ತೆ ಬಂದ. ಈಗ ಅವನು ಸಾಹೇಬ, ಅವನ ಕೈಕೆಳಗೆ ಬೇರೆ ಹುಡುಗರಿದ್ದರು. ಈ ದಾರಿಯಲ್ಲೇ ಹೊರಟಿದ್ದೆ ಎಂದು ಅಕ್ಕನನ್ನು ನೋಡಿಹೋಗಲು ಬಂದಿದ್ದ. ಅಣ್ಣ ದವಾಖಾನೆಯಲ್ಲಿದ್ದ. ಹಿತ್ತಲಲ್ಲಿ ಕೂತು ಅವನು ಹಾಸ್ಯ ಮಾಡುತ್ತಿದ್ದಾಗ ಶಾರಿ ಮೈಮರೆತು, ಅಂಗೈ ಅಡ್ಡ ಹಿಡಿಯದೆ ನಕ್ಕಳು.

ಪ್ರಭಾಕರನ ಮಾತು ಅಲ್ಲಿಗೇ ನಿಂತಿತು. ಶಾರಿಯನ್ನು ಆಡಲು ಕಳಿಸಿ ನನ್ನನ್ನು ಕೇಳಿದ, "ಅಕ್ಕಾರ, ಈ ಕೂಸಿಗೆ ಆ ಸಿರಪ್ಪ ಎಷ್ಟ ಸಲ ಕೊಟ್ರಿ?"

"ಕೆಮ್ಮಿದಾಗೆಲ್ಲಾ ಕೊಟ್ಟೇನಿ. ಯಾಕ?"

ಅವನು ತಲೆ ತಗ್ಗಿಸಿದ. ಎಳೆಯ ಮಕ್ಕಳಿಗೆ ಅದನ್ನು ಕೊಟ್ಟರೆ ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿಗೆ ಬಣ್ಣ ಹತ್ತುತ್ತದೆ, ಹತ್ತಿದ್ದು ಹೋಗುವುದಿಲ್ಲ ಎಂದು ಹೇಳಿದ.

"ಆಗ ನಿನಗ ಗೊತ್ತಿತ್ತೇನೋ?"

"ಡಾಕ್ಟರು ಒಬ್ಬೊಬ್ರು ಅಂತಿದ್ರು. ಅವ್ರು ಅಂದ್ರ ಏನ ಉತ್ತರ ಕೊಡಬೇಕಂತ ನಮಗ ಕಲಿಸಿದ್ರು. ಉತ್ತರ ಬಾಯಿಪಾಠ ಮಾಡಿದ್ದೆ. ಖರೇನೋ ಸುಳ್ಳೋ ಯಾರಿಗೂ ಕೇಳಲಿಲ್ಲ." ಆಮೇಲೆ ನನ್ನ ಕಾಲು ಹಿಡಿಯುವ ಹಾಗೆ ಬಾಗಿ, "ಸಾಹೇಬ್ರಿಗೆ ಹೇಳಬ್ಯಾಡ್ರಿ ಅಕ್ಕಾರ" ಅಂದ.

ನಾನು ಹೇಳಲಿಲ್ಲ. ಅವನ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನ್ನ ಸಲುವಾಗಿ. ಈ ಮನೆಯಲ್ಲಿ ನನಗಿದ್ದದ್ದು ಅಣ್ಣನ ನಂಬಿಕೆ ಒಂದೇ. ಅದು ಹೋದರೆ ಇಂಡಿಯಲ್ಲಿ ಬಾಗಿಲಿಲ್ಲ, ಸಿಂದಗಿಯಲ್ಲೂ ಇಲ್ಲ. ಮುಂದಿನ ಪಂಚಮಿಗೂ ವೈನಿಯ ಅಣ್ಣ ಬಂದ, ಬುಟ್ಟಿ ಇಟ್ಟು ಹೋದ. ಆ ಉಂಡಿಗಳನ್ನು ವೈನಿ ಮುಟ್ಟಲಿಲ್ಲ. ಮನೆಯಲ್ಲಿ ಬೇರೆ ಯಾರೂ ಮುಟ್ಟದೆ ಇದ್ದರೆ ಕೆಡುತ್ತವೆಂದು ನಾನೇ ತಿಂದೆ.

೧೯೭೮ರಲ್ಲಿ ಪಂಚಮಿಗೆ ಮೊದಲು ಸುದ್ದಿ ಬಂತು. ವೈನಿಯ ತಾಯಿಗೆ ಕಣ್ಣು ಮಂಜಾಗಿವೆ, ಪೂರ್ತಿ ಹೋಗುವ ಮೊದಲು ಮಗಳ ಮುಖ ಒಮ್ಮೆ ನೋಡಬೇಕು ಅನ್ನುತ್ತಿದ್ದಾಳೆ. ಅಣ್ಣ, "ಅವರನ್ನ ಇಲ್ಲಿಗೆ ಕರಕೊಂಡ ಬರ್ಲಿ, ನಾ ನೋಡತೇನಿ" ಅಂದ. ವೈನಿ ಅಂದಳು, "ನಿನ್ನ ನೀರ ಹೊಲಸು, ಮಗಳ ಮನ್ಯಾಗ ನೀರ ಕುಡದು ಬದುಕಂತ ಅಕಿಗೆ ಹೇಳಾಕ ನನಗ ಬಾಯಿಲ್ಲ."

ಆ ಸಲವೂ ಹೆಸರು ಹೇಳಿ ಹಾಲೆರೆದೆ. "ಅಪ್ಪನ ಪಾಲ, ಅವ್ವನ ಪಾಲ, ಅಣ್ಣನ ಪಾಲ..." ವೈನಿ ನನ್ನ ಪಕ್ಕದಲ್ಲೇ ಕೂತು ಅವಳ ಅಣ್ಣನ ಪಾಲು ಎರೆದಳು. ಅವಳ ಹಾಲಿಗಿಂತ ಮೊದಲು ಅವಳ ಕಣ್ಣೀರು ಬಿತ್ತು.

ಅಣ್ಣ ಕೇಳಿದ, "ಏನ ಬೇಕವ್ವ ತಂಗಿ?"

"ವೈನೀನ ತವರಿಗೆ ಕಳಸಣ್ಣ. ಹುಡುಗರನ್ನೂ ಕಳಸು."

"ಬ್ಯಾರೆ ಏನರೆ ಕೇಳು. ನೀರಿನ ಮಾತ ತಗೀಬ್ಯಾಡ."

"ನೀರ ಅಲ್ಲೋ ಅಣ್ಣ," ಅಂದೆ. "ನಾನು."

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಭರಣಿಯ ಹಿಂದಿನ ಬಾಟಲಿ, ತುಳಸಿಯ ಬುಡಕ್ಕೆ ಸುರಿದ ಮಿಕ್ಸ್ಚರು, ಪ್ರಭಾಕರ ಹೇಳಿದ್ದು, ಸುಮಾರು ಎರಡು ವರ್ಷ ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಶಾರಿ ಜೋಕಾಲಿಯ ಹಗ್ಗ ಹಿಡಿದು ನಿಂತು ಕೇಳುತ್ತಿದ್ದಳು.

ಅಣ್ಣ ಅವಳನ್ನು ಕರೆದು, ಬಾಗಿಲಿನ ಬಿಸಿಲಿಗೆ ಒಯ್ದು, ತುಟಿ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. "ಈ ಗೆರಿ ನೋಡು," ಎಂದು ನನ್ನನ್ನು ಕರೆದ. "ಒಂದೊಂದ ಗೆರಿ ನೀ ಒಂದೊಂದ ಸಲ ಕೊಟ್ಟಿದ್ದು. ನಿನ್ನ ಬಾಟಲಿ ಪಟ್ಟಿ ಇದ್ದಾಂಗ ಐತಿ." ಆಮೇಲೆ ದನಿ ಇಳಿಸಿ, "ಓದಿದ್ದೆ ನಾನು. ಮನ್ಯಾಗ ಕಣ್ಣ ಮುಂದ ಇಟಗೊಂಡ ಗುರತ ಹಿಡೀಲಿಲ್ಲ. ನನ್ನ ಮನ್ಯಾಗ ಅದು ಹೆಂಗ ಬರತೈತಿ ಅನ್ನೂ ಸೊಕ್ಕು" ಎಂದ.

"ತಪ್ಪ ನಂದಣ್ಣ."

"ಕೇಳಿದಾಕಿ ನೀ. ಇಲ್ಲ ಅನಬೇಕಾದಾಂವ ನಾ. ಹಬ್ಬದ ಮಾತಿಗೆ ಔಷಧ ಬರಿಯೋ ಡಾಕ್ಟರ ಎಂಥಾಂವ? ಇದರಾಗ ಅಣ್ಣನ ಪಾಲೂ ಐತಿ, ಕಾಶವ್ವ."

ನಾನು ವೈನಿಯ ಕಾಲು ಹಿಡಿಯಲು ಹೋದೆ. ಅವಳು ಕಾಲು ಹಿಂದೆ ತೆಗೆದುಕೊಂಡಳು. "ಕಾಲ ಹಿಡದ್ರ ಏನ ಬಂತು? ನಮ್ಮವ್ವ ಊರ ಮಂದಿ ಮುಂದ ತಲಿ ತಗ್ಗಿಸಿ ಕುಂತಾಳ, ಮಗಳ ಗಂಡ ನಮ್ಮ ನೀರ ಒಲ್ಲೆ ಅಂದಾನಂತ. ನೀನ ಬಾ. ನೀನ ಬಂದು ನಮ್ಮವ್ವನ ಮುಂದ ಹೇಳು."

ಮರುದಿನ ಬೆಳಿಗ್ಗೆ ವೈನಿ, ಮಕ್ಕಳಿಬ್ಬರು, ನಾನು ಹೊರಟೆವು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳದಿಂದ ಮತ್ತೊಂದು ಹಿಡಿದು, ಕೊನೆಗೆ ನಡೆದು. ಬಸ್ಸಿನಲ್ಲಿ ವೈನಿ ಚಿಕ್ಕವನನ್ನು ಕರೆದುಕೊಂಡು ನನ್ನಿಂದ ದೂರ ಕೂತಳು. ಶಾರಿ ಮಾತ್ರ ನನ್ನ ಪಕ್ಕದಲ್ಲೇ ಕೂತಿದ್ದಳು. ಬಾಗೇವಾಡಿ ದಾಟಿದ ಮೇಲೆ ಕೇಳಿದಳು, "ಅತ್ತಿ, ಅದು ಸಿಹಿ ಇತ್ತಲ್ಲ?" ಇತ್ತು ಎಂದೆ. "ನನಗ ನೆನಪೈತಿ" ಎಂದು ಕಿಟಕಿಯ ಕಡೆ ತಿರುಗಿದಳು. ಆ ಮಾತಿಗೆ ಏನು ಅರ್ಥ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಆಗಿಲ್ಲ.

ವೈನಿಯ ತಾಯಿ ಹೊರಸಿನ ಮೇಲೆ ಕೂತಿದ್ದಳು. ಮಗಳ ಮುಖವನ್ನು ಎರಡೂ ಕೈಯಿಂದ ಸವರಿ ಸವರಿ ನೋಡಿದಳು. ಅವರು ಅತ್ತು ಮುಗಿಸುವವರೆಗೆ ನಾನು ಹೊಸ್ತಿಲ ಹೊರಗೇ ನಿಂತಿದ್ದೆ. ನಂತರ ಒಳಗೆ ಹೋಗಿ, ಎದುರು ಕೂತು, ಇದ್ದದ್ದನ್ನೆಲ್ಲ ಹೇಳಿದೆ. ಮನೆಯ ಸೊಸೆಯಂದಿರು, ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಅವರ ಮುಂದೂ ಹೇಳಿದೆ. ಇವರ ನೀರಲ್ಲಿ ಏನೂ ದೋಷವಿಲ್ಲ, ದೋಷ ನನ್ನದು ಎಂದೆ.

ಮುದುಕಿ ಎಲ್ಲ ಕೇಳಿಸಿಕೊಂಡಳು. ಸೊಸೆಯನ್ನು ಕೂಗಿದಳು, "ಬೀಗರ ಬಂದು ಎಷ್ಟೊತ್ತಾತು? ನೀರ ಕೊಟ್ಟಿರೇನ?"

ತುಂಬಿದ ತಂಬಿಗೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎತ್ತಿ ಗಟಗಟ ಕುಡಿದೆ.

"ಹೆಂಗೈತಿ ನಮ್ಮ ನೀರು?"

ಸಿಹಿ ಇದೆ ಎಂದು ಹೇಳಲು ನಾಲಗೆ ಎದ್ದಿತ್ತು. ಆದರೆ ಸಿಹಿ ಎಂಬ ಮಾತಿನಿಂದಲೇ ಇಷ್ಟೆಲ್ಲ ಆಗಿತ್ತು. "ಸ್ವಲ್ಪ ಸವಳ ಐತ್ರಿ" ಅಂದೆ.

ಮುದುಕಿ ಬೋಡುಬಾಯಿ ಬಿಟ್ಟು ನಕ್ಕಳು. "ಹೂಂನವ್ವ. ಸವಳ ಐತಿ. ಸುಳ್ಳ ಇಲ್ಲ. ಇನ್ನೊಂದ ತಂಬಗಿ ಕುಡಿ."

ಅವಳ ನಗೆಗೆ ಮೊದಲು ವೈನಿ ನಕ್ಕಳು. ಆಮೇಲೆ ಶಾರಿ ನಕ್ಕಳು. ಅವಳ ಅಂಗೈ ಅರ್ಧ ಮೇಲೆ ಬಂದು, ಅಲ್ಲಿಯೇ ನಿಂತು, ಕೆಳಗಿಳಿಯಿತು.

ಈಗ ಶಾರಿ ಸಾಲಿಯಲ್ಲಿ ಕಲಿಸುತ್ತಾಳೆ, ಹುಡುಗರ ಮುಂದೆ ಬಾಯಿತುಂಬ ನಗುತ್ತಾಳೆ. ಅವಳು ನಕ್ಕಾಗ ಎಲ್ಲರೂ ಅವಳ ಮುಖ ನೋಡುತ್ತಾರೆ, ನಾನು ಮಾತ್ರ ಆ ಗೆರೆಗಳನ್ನು ನೋಡುತ್ತೇನೆ. ವೈನಿ ಪ್ರತಿ ಪಂಚಮಿಗೆ ತವರಿಗೆ ಹೋಗುತ್ತಾಳೆ. ಅವಳ ಗಂಟು ಕಟ್ಟಿಕೊಡುವುದು ನನ್ನ ಕೆಲಸ, ಅದನ್ನು ನಾನು ಯಾರಿಗೂ ಬಿಟ್ಟಿಲ್ಲ. ಅವಳು ತಾಯಿಯ ಮನೆಯಿಂದ ಬರುವಾಗ ಒಂದು ಬಾಟಲಿ ನೀರು ತಂದು ನನ್ನ ಮುಂದೆ ಇಡುತ್ತಾಳೆ. ನಾನು ಅದನ್ನು ಪೂರ್ತಿ ಕುಡಿಯುತ್ತೇನೆ.